ಎಟಿವಿಗೆ ಸ್ನಾರ್ಕೆಲ್, ಮತ್ತು ನಾವು ಮರೆತ ತೂತುಗಳು

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕಂಬಶ್ಚನ್ ಚೇಂಬರ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಕ್ಲಬ್ಬಿನ ಸೀನಿಯರ್ ಒಬ್ಬರನ್ನ ಕೇಳಿದೆ. "ದಹನ ಕೋಷ್ಠ" ಅಂದ್ರು. ಸರಿ, ಒಂದು ಸಲ ಬರೆದಾಯ್ತು. ಇನ್ಮುಂದೆ ಚೇಂಬರ್ ಅಂತಲೇ ಬರೀತೀನಿ, ಕ್ಷಮಿಸಿ.

ನನ್ನ ರೂಮ್‌ಮೇಟ್‌ನ ಸೋದರಮಾವನಿಗೆ ಸಕಲೇಶಪುರದ ಕಡೆ ಕಾಫಿ ತೋಟ ಇದೆ. ತೋಟದ ಮಧ್ಯೆ ಒಂದು ಹಳ್ಳ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬಹುದು. ಜುಲೈ ಬಂತು ಅಂದ್ರೆ ಅದೇ ಹಳ್ಳ ತೊಡೆ ಮಟ್ಟಕ್ಕೆ ಬರುತ್ತೆ. ಆಚೆ ದಡದಲ್ಲಿ ಲೈನ್ ಮನೆಗಳು, ಮೂರು ಕುಟುಂಬ. ರೇಷನ್, ಗ್ಯಾಸ್ ಸಿಲಿಂಡರ್, ಮಕ್ಕಳಿಗೆ ಜ್ವರ ಬಂದ್ರೆ ಮಾತ್ರೆ, ಎಲ್ಲ ಹೋಗೋದು ಒಂದು ಹಳೇ 400 ಸಿಸಿ ಎಟಿವಿ ಮೇಲೆ. ರಸ್ತೆಗೆ ನೋಂದಣಿ ಇಲ್ಲದ ಗಾಡಿ, ತೋಟದೊಳಗಷ್ಟೇ ಓಡಾಟ. ಹೋದ ಮಳೆಗಾಲದಲ್ಲಿ ಹಳ್ಳದ ನಡುವೆ ಅದು "ಟಕ್" ಅಂತ ನಿಂತುಹೋಯ್ತು. ಮಾವ ಗಾಬರಿಯಲ್ಲಿ ಮೂರು ಸಲ ಸ್ಟಾರ್ಟರ್ ಒತ್ತಿದ್ರು. ಕನೆಕ್ಟಿಂಗ್ ರಾಡ್ ಬಗ್ಗಿಹೋಗಿತ್ತು. ರಿಪೇರಿ ಮಾಡಿಸಿದ ಮೇಲೆ ನಮ್ಮಿಬ್ಬರಿಗೆ ಹೇಳಿದ್ದು ಇಷ್ಟೇ: "ಇಂಜಿನಿಯರಿಂಗ್ ಓದ್ತಿದ್ದೀರಲ್ಲ, ಏನಾದ್ರೂ ಮಾಡ್ರೋ."

ಎಂಜಿನ್‌ಗೆ ನೀರು ಹೋದ್ರೆ ಬೆಂಕಿ ಆರಿಹೋಗುತ್ತೆ, ಅದಕ್ಕೇ ನಿಲ್ಲುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಅಷ್ಟೇ ಆಗಿದ್ರೆ ಒಣಗಿಸಿ ಮತ್ತೆ ಓಡಿಸಬಹುದಿತ್ತು. ನಿಜವಾದ ತೊಂದರೆ ಬೇರೆ. ಗಾಳಿಯನ್ನ ಒತ್ತಬಹುದು, ನೀರನ್ನ ಒತ್ತೋಕಾಗಲ್ಲ. 400 ಸಿಸಿ ಸಿಂಗಲ್ ಸಿಲಿಂಡರ್, ಕಂಪ್ರೆಷನ್ ರೇಶಿಯೋ 9 ಅಂತ ಇಟ್ಕೊಳ್ಳಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ 400 ಭಾಗಿಸು 8, ಅಂದ್ರೆ 50 ಸಿಸಿ. ನಮ್ಮ ಕ್ಯಾಂಟೀನಿನ ಬೈಟು ಕಾಫಿಗಿಂತ ಕಡಿಮೆ! ಅದಕ್ಕಿಂತ ಒಂದು ಗುಟುಕು ಜಾಸ್ತಿ ನೀರು ಒಳಗೆ ಹೋಯ್ತು ಅಂದ್ರೆ ಪಿಸ್ಟನ್ ಮೇಲೆ ಬರೋಕೆ ದಾರಿ ಇಲ್ಲ. ಕ್ರ್ಯಾಂಕ್ ತಿರುಗ್ತಾನೇ ಇರುತ್ತೆ, ಯಾವುದಾದ್ರೂ ಒಂದು ಬಗ್ಗಲೇಬೇಕು. ಇದಕ್ಕೇ ಹೈಡ್ರೋಲಾಕ್ ಅನ್ನೋದು. ಮಳೆಗಾಲದಲ್ಲಿ ಅಂಡರ್‌ಪಾಸ್‌ನಲ್ಲಿ ನಿಮ್ಮ ಸ್ಕೂಟರ್ ಮುಳುಗಿ ನಿಂತ್ರೆ ದಯವಿಟ್ಟು ಸೆಲ್ಫ್ ಒತ್ತಬೇಡಿ. ತಳ್ಳಿಕೊಂಡು ಹೋಗಿ, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ಆಮೇಲೆ ಕ್ರ್ಯಾಂಕ್ ಮಾಡಿಸಿ. ನೀರು ಆ ತೂತಿಂದ ಪಿಚಕಾರಿ ಥರ ಹೊರಗೆ ಹಾರುತ್ತೆ.

ಸ್ನಾರ್ಕೆಲ್ ಅಂದ್ರೆ ಎಂಜಿನ್ ಗಾಳಿ ಎಳೆಯೋ ಬಾಯಿಯನ್ನ ನೀರಿಗಿಂತ ಮೇಲಕ್ಕೆ ಒಯ್ಯೋ ಪೈಪ್. ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನ್‌ಗಳಲ್ಲಿ ನೀರಿನಡಿಯಲ್ಲೇ ಡೀಸೆಲ್ ಎಂಜಿನ್ ಓಡಿಸೋಕೆ ಇದನ್ನ ಬಳಸ್ತಿದ್ರು. ಅಲೆ ಬಂದು ಪೈಪಿನ ಬಾಯಿ ಮುಚ್ಚಿಕೊಂಡಾಗ ಎಂಜಿನ್ ಹಡಗಿನೊಳಗಿನ ಗಾಳಿಯನ್ನೇ ಎಳೆದು ಸಿಬ್ಬಂದಿಯ ಕಿವಿ ನೋಯ್ತಿತ್ತಂತೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲ ಪ್ರಶ್ನೆ ಪೈಪ್ ಎಷ್ಟು ದಪ್ಪ ಇರಬೇಕು ಅನ್ನೋದು. ರೂಮ್‌ಮೇಟ್ ತೋಟದ ಡ್ರಿಪ್ ಕೆಲಸದಲ್ಲಿ ಉಳಿದ 32 ಮಿಮೀ ಪೈಪ್ ಹಿಡ್ಕೊಂಡು ಬಂದ, ಪುಕ್ಕಟೆ ಅಂತ. ಲೆಕ್ಕ ಹಾಕಿದ್ವಿ. ಫೋರ್ ಸ್ಟ್ರೋಕ್, 6000 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 3000 ಸಲ ಉಸಿರು, ಪ್ರತಿ ಸಲ ಹೆಚ್ಚೆಂದ್ರೆ 0.4 ಲೀಟರ್. ಒಟ್ಟು ಸೆಕೆಂಡಿಗೆ 20 ಲೀಟರ್. 32 ಮಿಮೀ ಪೈಪಲ್ಲಿ ಇದು ಸೆಕೆಂಡಿಗೆ 25 ಮೀಟರ್ ವೇಗ, 50 ಮಿಮೀ ಪೈಪಲ್ಲಿ 10 ಮೀಟರ್. ಒತ್ತಡದ ನಷ್ಟ ಹೆಚ್ಚುಕಡಿಮೆ ವೇಗದ ವರ್ಗದ ಹಾಗೆ ಏರೋದ್ರಿಂದ ಸಣ್ಣ ಪೈಪಲ್ಲಿ ಆರು ಪಟ್ಟು ಜಾಸ್ತಿ. ಅದೂ ಸರಾಸರಿ ಲೆಕ್ಕ. ಸಿಂಗಲ್ ಸಿಲಿಂಡರ್ ಎಳೆಯೋದು ನಾಲ್ಕರಲ್ಲಿ ಒಂದು ಸ್ಟ್ರೋಕ್ ಮಾತ್ರ, ಉಳಿದ ಮೂರರಲ್ಲಿ ಸುಮ್ಮನಿರುತ್ತೆ. ಸೀಟಿನಡಿ ಇರೋ ಏರ್‌ಬಾಕ್ಸ್ ಈ ಎಳೆತವನ್ನ ಸ್ವಲ್ಪ ಸಮ ಮಾಡುತ್ತೆ, ಅದಕ್ಕೇ ಅದನ್ನ ಕಿತ್ತು ಹಾಕಿ ಕಾರ್ಬೊರೇಟರ್‌ಗೆ ನೇರ ಪೈಪ್ ಸಿಕ್ಕಿಸಬಾರದು. ನಾವು ಹಾಕಿದ್ದು ಎರಡು ಇಂಚಿನ ಪಿವಿಸಿ. ಏರ್‌ಬಾಕ್ಸಿನ ಮೂಲ ಬಾಯಿಗಿಂತ ಪೈಪ್ ಚಿಕ್ಕದಾಗಬಾರದು, ಅಷ್ಟು ನೋಡ್ಕೊಂಡ್ರೆ ಸಾಕು. 90 ಡಿಗ್ರಿ ಎಲ್ಬೋ ಒಂದರ ಬದಲು 45ರದ್ದು ಎರಡು. ಪೈಪ್ ಸೈಲೆನ್ಸರ್‌ನಿಂದ ದೂರ ಇರಲಿ, ಪಿವಿಸಿ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದ್ರೆ ಮೆತ್ತಗಾಗುತ್ತೆ. ಎಂಜಿನ್ ನಡುಗುತ್ತೆ, ಪೈಪ್ ನಡುಗಲ್ಲ. ಅದಕ್ಕೆ ಇಬ್ಬರ ನಡುವೆ ರಬ್ಬರ್ ಹೋಸ್, ಎರಡು ಕಡೆ ಕ್ಲ್ಯಾಂಪ್.

ಹ್ಯಾಂಡಲ್ ಪಕ್ಕದಲ್ಲಿ ಪೈಪ್ ಎದ್ದು ನಿಂತಾಗ ಗಾಡಿ ಆನೆಮರಿ ಥರ ಕಾಣ್ತಿತ್ತು. ಫೋಟೋ ತೆಗೆದು ಗ್ರೂಪಿಗೆ ಹಾಕಿದ್ವಿ. ಆಮೇಲೆ ಪರೀಕ್ಷೆ.

ಪರೀಕ್ಷೆ ತುಂಬಾ ಸುಲಭ. ಎಂಜಿನ್ ಐಡಲ್‌ನಲ್ಲಿ ಓಡ್ತಿರುವಾಗ ಪೈಪಿನ ಬಾಯಿಗೆ ಅಂಗೈ ಬಿಗಿಯಾಗಿ ಒತ್ತಬೇಕು. ಎರಡು ಮೂರು ಸೆಕೆಂಡಲ್ಲಿ ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ನಾನು ಕೈ ಇಟ್ಟೆ. ಹತ್ತು ಸೆಕೆಂಡ್. ಇಪ್ಪತ್ತು ಸೆಕೆಂಡ್. ಎಂಜಿನ್ ಆರಾಮಾಗಿ ಓಡ್ತಾನೇ ಇತ್ತು. ರೂಮ್‌ಮೇಟ್ ಖುಷಿಯಿಂದ "ಸೂಪರ್, ನಿಲ್ಲಲೇ ಇಲ್ಲ" ಅಂದ. ನನಗೆ ಹೊಟ್ಟೆಯೊಳಗೆ ತಣ್ಣಗಾಯ್ತು. ಸಬ್‌ಮರೀನ್ ಎಂಜಿನ್ ಒಳಗಿನ ಗಾಳಿ ಎಳೆದ ಹಾಗೆ, ನಮ್ಮದೂ ಬೇರೆ ಎಲ್ಲಿಂದಲೋ ಎಳೀತಿದೆ. ಇವತ್ತು ಗಾಳಿ ಬರೋ ಆ ತೂತಿಂದ ನಾಳೆ ನೀರು ಬರುತ್ತೆ. ಒಂದೂವರೆ ಮೀಟರ್ ಪೈಪ್ ಬರೀ ಅಲಂಕಾರ!

ತೂತು ಎಲ್ಲಿ ಅಂತ ಹುಡುಕೋಕೆ ಮಾವ ಅಗರಬತ್ತಿ ಹೊಗೆ ಹಿಡೀರಿ ಅಂದ್ರು. ಐಡಿಯಾ ಚೆನ್ನಾಗಿದೆ, ಆದ್ರೆ ಪಕ್ಕದಲ್ಲೇ ಪೆಟ್ರೋಲ್ ತುಂಬಿದ ಕಾರ್ಬೊರೇಟರ್. ಬೇಡ ಅಂದ್ವಿ. ಕಾರ್ಬೊರೇಟರ್ ಬಿಚ್ಚಿ ಆ ಕಡೆ ಬಾಯಿಗೆ ಪ್ಲಾಸ್ಟಿಕ್ ಕವರ್ ಬಿಗಿದು, ಮೇಲಿಂದ ಸೈಕಲ್ ಪಂಪಲ್ಲಿ ಗಾಳಿ ಹೊಡೆದು, ಎಲ್ಲ ಜಾಯಿಂಟಿಗೂ ಸೋಪಿನ ನೀರು ಬಳಿದ್ವಿ. ಪೈಪಿನ ಜಾಯಿಂಟುಗಳೆಲ್ಲ ಪಾಸ್. ಗುಳ್ಳೆ ಬಂದಿದ್ದು ನಾವು ಮುಟ್ಟೇ ಇರದ ಎರಡು ಜಾಗದಲ್ಲಿ: ಏರ್‌ಬಾಕ್ಸ್ ತಳದ ಡ್ರೈನ್ ರಬ್ಬರ್, ಮತ್ತೆ ಮುಚ್ಚಳದ ಒಣಗಿ ಸೀಳಿದ ಸೀಲ್. ಎರಡನ್ನೂ ಬದಲಾಯಿಸಿ ಮತ್ತೆ ಅಂಗೈ ಇಟ್ಟಾಗ ಎಂಜಿನ್ ಎರಡೇ ಸೆಕೆಂಡಲ್ಲಿ ಸತ್ತಿತು. ಎಂಜಿನ್ ಆಫ್ ಆದಾಗ ಚಪ್ಪಾಳೆ ಹೊಡೆದಿದ್ದು ಜೀವನದಲ್ಲಿ ಅದೇ ಮೊದಲು.

ಗಾಡಿ ಉಸಿರಾಡೋದು ಒಂದೇ ಮೂಗಲ್ಲಿ ಅಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಕಾರ್ಬೊರೇಟರ್‌ನ ಫ್ಲೋಟ್ ಬೌಲ್‌ಗೆ ಒಂದು ಸಣ್ಣ ವೆಂಟ್ ಟ್ಯೂಬ್ ಇರುತ್ತೆ. ಅದು ಮುಳುಗಿದ್ರೆ ಬೌಲ್‌ಗೆ ಗಾಳಿ ಹೋಗಲ್ಲ, ಪೆಟ್ರೋಲ್ ಸರಿಯಾಗಿ ಇಳಿಯಲ್ಲ, ಸ್ನಾರ್ಕೆಲ್ ಎಷ್ಟೇ ಎತ್ತರ ಇದ್ರೂ ಎಂಜಿನ್ ನಿಲ್ಲುತ್ತೆ. ಬೆಲ್ಟ್ ಇರೋ ಸಿವಿಟಿಗೆ ತಂಪಾಗೋಕೆ ಗಾಳಿ ಬೇಕು, ಅದಕ್ಕೆ ಒಳಗೆ ಬರೋ ದಾರಿ ಒಂದು, ಹೊರಗೆ ಹೋಗೋ ದಾರಿ ಒಂದು. ನೀರು ಹೊಕ್ಕರೆ ಬೆಲ್ಟ್ ಜಾರುತ್ತೆ, ಎಂಜಿನ್ ಕೂಗುತ್ತೆ, ಚಕ್ರ ತಿರುಗಲ್ಲ. ಎರಡನ್ನೂ ಮೇಲಕ್ಕೆ ಒಯ್ದು, ಒಂದರ ಬಿಸಿಗಾಳಿ ಇನ್ನೊಂದು ಎಳೆಯದ ಹಾಗೆ ದೂರ ದೂರ ಇಟ್ವಿ. ಡಿಫರೆನ್ಷಿಯಲ್‌ದು ಇನ್ನೂ ಮಜಾ. ಓಡಿ ಬಿಸಿಯಾದ ಡಬ್ಬ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್‌ನಿಂದ ನೀರನ್ನ ಎಳೆದುಕೊಳ್ಳುತ್ತೆ. ನಮ್ಮ ಗಾಡಿಯ ಆಯಿಲ್ ಬಿಚ್ಚಿ ನೋಡಿದ್ರೆ ಹಾಲು ಜಾಸ್ತಿಯಾದ ಟೀ ಬಣ್ಣ. ಅಲ್ಲಿಗೂ ಒಂದು ಟ್ಯೂಬ್ ಏರಿಸಿದ್ವಿ. ಸೈಲೆನ್ಸರ್ ಮಾತ್ರ ಹಾಗೇ ಬಿಟ್ವಿ, ಎಂಜಿನ್ ಓಡ್ತಿರೋವರೆಗೆ ಹೊಗೆಯೇ ನೀರನ್ನ ಹೊರಗೆ ತಳ್ಳುತ್ತೆ.

ನಮ್ಮ ದಡ್ಡತನ ಒಂದನ್ನೂ ಹೇಳಬೇಕು. ಪೈಪಿನ ಬಾಯಿಗೆ ಕಸ ಬೀಳದಿರಲಿ ಅಂತ ಸೊಳ್ಳೆ ಪರದೆ ಎರಡು ಪದರ ಕಟ್ಟಿದ್ವಿ. ಬಿಸಿಲಲ್ಲಿ ಚೆನ್ನಾಗೇ ಇತ್ತು. ಮೊದಲ ಮಳೆಗೆ ಪರದೆಯ ಕಣ್ಣುಗಳಲ್ಲಿ ನೀರಿನ ಪೊರೆ ಕಟ್ಟಿ ಗಾಳಿ ನಿಂತಿತು, ಕಪ್ಪು ಹೊಗೆ ಬಂತು, ಸ್ಪಾರ್ಕ್ ಪ್ಲಗ್ ಮಸಿ ಹಿಡಿದಿತ್ತು. ಜೆಟ್ ಬದಲಾಯಿಸಬೇಕು ಅಂತ ಅರ್ಧ ದಿನ ವಾದ ಮಾಡಿದ್ವಿ. ಪರದೆ ಕಿತ್ತು, ಬಾಯಿಯನ್ನ ಕೆಳಮುಖ ಮಾಡಿ ದಪ್ಪ ಕಣ್ಣಿನ ಜಾಲರಿ ಹಾಕಿದ್ರೆ ಸರಿಹೋಯ್ತು.

ಈಗ ಮಾವನಿಗೆ ಧೈರ್ಯ ಬಂತು. ತುಸು ಜಾಸ್ತಿನೇ ಬಂತು. "ಇನ್ನು ಎಷ್ಟು ನೀರಿದ್ರೂ ಹೋಗಬಹುದಲ್ಲ?" ಅಂತ ಕೇಳಿದಾಗ ನಾನು ಹೂಂ ಅನ್ನೋನಿದ್ದೆ. ಆ ರಾತ್ರಿ ಸುಮ್ಮನೆ ಟೈರ್ ಅಳತೆ ಹಿಡಿದು ಲೆಕ್ಕ ಹಾಕಿದೆ. 25 ಇಂಚು ವ್ಯಾಸದ ದಪ್ಪ ಟೈರ್, ಒಂದೊಂದರ ಗಾತ್ರ ಸುಮಾರು 60 ಲೀಟರ್. ನಾಲ್ಕೂ ಮುಳುಗಿದ್ರೆ 240 ಲೀಟರ್, ಅಂದ್ರೆ 240 ಕೆಜಿ ಮೇಲಕ್ಕೆ ಎತ್ತೋ ಬಲ. ಎಂಜಿನ್ನು, ಬಾಡಿ ಮುಳುಗಿದ್ದಕ್ಕೆ ಇನ್ನೊಂದು 30 ಸೇರಿಸಿ. ಗಾಡಿ 280, ಮಾವ 70. ನೆಲದ ಮೇಲೆ ಉಳಿಯೋ ತೂಕ 80 ಕೆಜಿ. ನುಣುಪು ಕಲ್ಲಿನ ಮೇಲೆ ಅರ್ಧದಷ್ಟು ಹಿಡಿತ ಸಿಕ್ಕಿದ್ರೂ 40 ಕೆಜಿ ಬಲ. ಬಿರುಸಾಗಿ ನಡೆಯೋ ವೇಗದಲ್ಲಿ, ಸೆಕೆಂಡಿಗೆ ಒಂದೂವರೆ ಮೀಟರ್, ಹರಿಯೋ ನೀರು ಗಾಡಿಯ ಪಕ್ಕಕ್ಕೆ ಒದೆಯೋದು ಸುಮಾರು 90 ಕೆಜಿ. ಅಂದ್ರೆ ಎಂಜಿನ್ ಓಡ್ತಾನೇ ಇರುತ್ತೆ, ಗಾಡಿ ಮಾತ್ರ ಹಳ್ಳದ ಜೊತೆ ಹೋಗುತ್ತೆ. ಮೊದಲು ಎಂಜಿನ್ ನಿಂತು ಮಾವನನ್ನ ಅರ್ಧದಲ್ಲೇ ತಡೀತಿತ್ತು. ಆ ತಡೆಯನ್ನ ತೆಗೆದುಹಾಕಿದ್ದು ನಾವೇ.

ಬೆಳಗ್ಗೆ ಕಾಗದ ತೋರಿಸಿದೆ. ಮಾವ ಲೆಕ್ಕ ನೋಡಲಿಲ್ಲ, ಸ್ವಲ್ಪ ಹೊತ್ತು ಹಳ್ಳ ನೋಡಿದ್ರು. ಆಮೇಲೆ ಶೆಡ್ಡಿಂದ ಕೆಂಪು ಪೇಂಟ್ ತಂದ್ರು. ದಡದ ಕಲ್ಲುಕಂಬದ ಮೇಲೆ, ಗಾಡಿಯ ಆಕ್ಸಲ್‌ಗಿಂತ ಒಂದು ಗೇಣು ಮೇಲಿನ ನೀರಿಗೆ ಸರಿಯಾಗಿ, ಒಂದು ಗೆರೆ ಎಳೆದ್ವಿ. ಗೆರೆ ಮುಳುಗಿದ್ರೆ ಗಾಡಿ ಇಳಿಸೋ ಹಾಗಿಲ್ಲ. ನೀರು ಕೆಂಪಗೆ ರಭಸವಾಗಿ ಹರೀತಿದ್ರೆ ಗೆರೆ ಕಾಣಿಸಿದ್ರೂ ಇಳಿಸೋ ಹಾಗಿಲ್ಲ. ಆ ದಿನಗಳಿಗೆ ಅಂತ ಹಳೇ ಅಡಿಕೆ ಮರಗಳನ್ನ ಜೋಡಿಸಿ ಮೇಲ್ಗಡೆ ಕಿರಿದಾದ ಜಾಗದಲ್ಲಿ ಕಾಲುಸಂಕ ಹಾಕಿಸಿದ್ರು. ಅದಕ್ಕೆ ಯಾವ ಲೆಕ್ಕವನ್ನೂ ನಮ್ಮನ್ನ ಕೇಳಲಿಲ್ಲ.

ಮೊನ್ನೆ ಫೋನ್ ಮಾಡಿದ್ರು. ಜುಲೈಯಲ್ಲಿ ಹನ್ನೊಂದು ದಿನ ಗೆರೆ ಮುಳುಗಿತ್ತಂತೆ, ರೇಷನ್ ಸಂಕದ ಮೇಲೆ ತಲೆಹೊರೆಯಲ್ಲಿ ಹೋಯ್ತಂತೆ. ಉಳಿದ ದಿನ ಗಾಡಿ ಒಂದು ಸಲವೂ ನಿಂತಿಲ್ಲ. ಡಿಫರೆನ್ಷಿಯಲ್ ಆಯಿಲ್ ಯಾವ ಬಣ್ಣ ಇದೆ ಅಂತ ಕೇಳಿದೆ. ನೋಡಿ ಹೇಳ್ತೀನಿ ಅಂದಿದ್ದಾರೆ.