ಹೊಗೆಯ ಸಾಕ್ಷಿ

ಕಲಾ ವಿಭಾಗದ ವಿದ್ಯಾರ್ಥಿಯು ಮೋಟಾರಿನ ಹೊಗೆಯ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ನಗೆ ಬರಬಹುದು. ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ ನನ್ನ ಅಭ್ಯಾಸದ ವಿಷಯಗಳು. ಆದರೆ ರಜೆಯ ದಿನಗಳನ್ನು ನಿಪ್ಪಾಣಿಯ ಹೆದ್ದಾರಿಯ ಬದಿಗಿರುವ ಸೋದರಮಾವನ ಗ್ಯಾರೇಜಿನಲ್ಲಿ ಪಾನಾ ಹಿಡಿದು ಕಳೆದವನು ನಾನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನೂ ನಾನೇ ಮೊದಲಿಗ. ಈ ಎರಡು ಸಂಗತಿಗಳು ಕಳೆದ ವರ್ಷ ಒಂದೆಡೆ ಕೂಡಿ ಬಂದವು. ಆಗ ಕಲಿತುದನ್ನು ನನ್ನ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ರಾಯಬಾಗ ತಾಲೂಕಿನ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರಿಗೆ ಎರಡು ಎಕರೆ ಕಬ್ಬು, ಜೊತೆಗೆ ಬಾಡಿಗೆಗೆ ಓಡಿಸುವ ೨೦೧೪ರ ಒಂದು ಪೆಟ್ರೋಲ್ ಗಾಡಿ. ಚಿಕ್ಕೋಡಿಯ ಸಂತೆಗೆ, ಅಥಣಿಯ ಆಸ್ಪತ್ರೆಗೆ, ಕಾಗವಾಡದ ಮದುವೆಗೆ ಜನರನ್ನು ಒಯ್ಯುವುದೇ ಅದರ ಕೆಲಸ. ಲೀಟರಿಗೆ ೧೫ ಕಿಲೋಮೀಟರು ಓಡುತ್ತಿದ್ದ ಗಾಡಿಯು ೧೨ಕ್ಕೆ ಇಳಿಯಿತು; ಇಂಜಿನ್ನಿನ ಚಿತ್ರವುಳ್ಳ ಹಳದಿ ದೀಪವು ಹತ್ತಿತು. ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಪ್ಲಗ್ಗು ಬದಲಿಸಿದರು, ಇಂಜೆಕ್ಟರು ತೊಳೆದರು, ಹೊಗೆಯ ಸೆನ್ಸರನ್ನು ಹೊಸದು ಹಾಕಿದರು. ೧೪ ಸಾವಿರ ರೂಪಾಯಿ ಖರ್ಚಾಯಿತು. ನನ್ನ ಬಿ.ಎಡ್. ವ್ಯಾಸಂಗಕ್ಕೆಂದು ಕಬ್ಬಿನ ಬಿಲ್ಲಿನಿಂದ ತೆಗೆದಿರಿಸಿದ ಹಣವದು. ಎಂಟು ದಿನ ಆರಿದ್ದ ದೀಪವು ಒಂಬತ್ತನೆಯ ದಿನ ಪುನಃ ಹತ್ತಿತು.

ತಂದೆಯವರಿಗೆ ಕಾರಣವು ಆಗಲೇ ಗೊತ್ತಾಗಿಹೋಗಿತ್ತು. “ನಮ್ಮ ಕಬ್ಬಽ ನಮ್ಮ ಗಾಡಿ ಕೆಡಿಸೇತಿ ನೋಡಪಾ” ಎಂದು ಅವರು ಹೇಳಿದರು. ಪೆಟ್ರೋಲಿನಲ್ಲಿ ಬೆರೆಸುವ ಇಥೆನಾಲನ್ನು ಕುರಿತ ಮಾತು ಅದು. ಊರಿನ ಕಟ್ಟೆಯ ಮೇಲೆಯೂ ಅದೇ ಮಾತು ನಡೆದಿತ್ತು. ಆ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಊಹೆ ಎಂಬುದನ್ನು ತಿಳಿಯಬೇಕಾದರೆ ಇಂಜಿನ್ನು ಉಸಿರಾಡುವ ರೀತಿಯನ್ನು ಮೊದಲು ಅರಿಯಬೇಕು.

ಒಲೆಗೆ ಗಾಳಿ ಕಡಿಮೆಯಾದರೆ ಹೊಗೆಯೇಳುತ್ತದೆ. ಹೆಚ್ಚಾದರೆ ಕಾವು ಹಾರಿಹೋಗುತ್ತದೆ. ಇಂಜಿನ್ನಿನ ಒಳಗೂ ಹಾಗೆಯೇ. ಒಂದು ಕಿಲೋ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು ೧೪.೭ ಕಿಲೋ ಗಾಳಿಯು ಬೇಕು. ಇಥೆನಾಲು ತನ್ನೊಳಗೇ ಆಮ್ಲಜನಕವನ್ನು ಹೊತ್ತುಕೊಂಡಿರುವುದರಿಂದ ಅದಕ್ಕೆ ೯ ಕಿಲೋ ಗಾಳಿಯೇ ಸಾಕು. ನೂರು ಲೀಟರಿನಲ್ಲಿ ಇಪ್ಪತ್ತು ಲೀಟರು ಇಥೆನಾಲಿರುವ ಪೆಟ್ರೋಲಿಗೆ ಈ ಪ್ರಮಾಣವು ಸುಮಾರು ೧೩.೫ಕ್ಕೆ ಬರುತ್ತದೆ. ಇಂಥ ಪೆಟ್ರೋಲನ್ನು ೨೦೨೩ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ನಮ್ಮ ಸೀಮೆಯ ಕಬ್ಬು ಉಗಾರದಂಥ ಕಡೆಯ ಕಾರಖಾನೆಗಳಿಗೆ ಹೋಗಿ, ಅಲ್ಲಿಂದ ಸಕ್ಕರೆಯಾಗಿ ಮಾತ್ರವಲ್ಲದೆ ಮದ್ಯಸಾರವಾಗಿಯೂ ಹೊರಬರುವುದು ಎಲ್ಲರೂ ಬಲ್ಲ ಸಂಗತಿ.

ಇಂಧನ ಯಾವುದೇ ಇರಲಿ, ಅದಕ್ಕೆ ಬೇಕಾದಷ್ಟೇ ಗಾಳಿ ದೊರೆತಾಗಿನ ಸ್ಥಿತಿಯನ್ನು ‘ಲ್ಯಾಂಬ್ಡಾ ಒಂದು’ ಎಂದು ಕರೆಯುತ್ತಾರೆ. ಅಂಕಿಯು ಒಂದಕ್ಕಿಂತ ಹೆಚ್ಚಾದರೆ ಮಿಶ್ರಣವು ತೆಳು, ಕಡಿಮೆಯಾದರೆ ಗಟ್ಟಿ. ಗ್ಯಾರೇಜಿನ ಮಾತಿನಲ್ಲಿ ಲೀನ್ ಮತ್ತು ರಿಚ್. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರು ಈ ‘ಒಂದರ’ ಸಮೀಪದಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಆದುದರಿಂದ ಇಂಜಿನ್ನಿನ ಕಂಪ್ಯೂಟರು ಕ್ಷಣಕ್ಷಣಕ್ಕೂ ಹೊಗೆಯನ್ನು ವಿಚಾರಿಸಿ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತಿರುತ್ತದೆ.

ಹೊಗೆಯ ಸುದ್ದಿಯನ್ನು ತರುವ ದೂತನೇ ಲ್ಯಾಂಬ್ಡಾ ಸೆನ್ಸರು. ಜರ್ಮನಿಯ ಬಾಷ್ ಕಂಪನಿಯು ಇದನ್ನು ೧೯೭೬ರಲ್ಲಿ ವೋಲ್ವೋ ಕಾರಿಗೆ ಮೊದಲು ಒದಗಿಸಿತು. ನಮ್ಮ ಹಳ್ಳಿಗಳಲ್ಲಿ ಟ್ರಾಕ್ಟರಿನ ಡೀಸೆಲ್ ಪಂಪಿನ ಮೂಲಕ ಮನೆಮಾತಾಗಿರುವ ‘ಮೈಕೋ’ ಇದೇ ಮನೆತನದ್ದು. ೧೯೫೧ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅದು ೨೦೦೮ರಲ್ಲಿ ಬಾಷ್ ಎಂಬ ಹೆಸರನ್ನೇ ತಳೆಯಿತು. ಸೆನ್ಸರಿನ ಹೃದಯವು ಜಿರ್ಕೋನಿಯಾ ಎಂಬ ಪಿಂಗಾಣಿಯ ತುಣುಕು. ಅದು ಚೆನ್ನಾಗಿ ಕಾಯ್ದಾಗ ಆಮ್ಲಜನಕದ ಅಯಾನುಗಳು ಅದರೊಳಗೆ ಸಂಚರಿಸತೊಡಗುತ್ತವೆ. ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಹೊಗೆ. ಎರಡರಲ್ಲಿಯ ಆಮ್ಲಜನಕದ ವ್ಯತ್ಯಾಸದಿಂದ ವಿದ್ಯುತ್ತಿನ ಸಣ್ಣ ಒತ್ತಡವು ಹುಟ್ಟುತ್ತದೆ. ಮಿಶ್ರಣವು ಗಟ್ಟಿಯಿದ್ದರೆ ಸುಮಾರು ೦.೯ ವೋಲ್ಟ್, ತೆಳುವಿದ್ದರೆ ೦.೧ ವೋಲ್ಟ್. ಎಂದರೆ ಗಾಡಿಯೊಡನೆ ಬರುವ ಸಾಮಾನ್ಯ ಸೆನ್ಸರು ‘ಹೆಚ್ಚು’ ಅಥವಾ ‘ಕಡಿಮೆ’ ಎಂದಷ್ಟೇ ನುಡಿಯಬಲ್ಲದು. ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನು ಹೇಳಲಾರದು.

ಅದನ್ನು ಹೇಳುವುದು ವೈಡ್‌ಬ್ಯಾಂಡ್ ಸೆನ್ಸರು. ಇದರಲ್ಲಿ ಪಿಂಗಾಣಿಯ ಎರಡು ಕೋಶಗಳಿವೆ. ಮೊದಲನೆಯದು ಅಳೆಯುವ ಕೋಶ. ಎರಡನೆಯದು ಪಂಪು, ಅದು ಒಂದು ಪುಟ್ಟ ಕೋಣೆಯೊಳಗೆ ಆಮ್ಲಜನಕವನ್ನು ತುಂಬುತ್ತಲೋ ಹೊರದಬ್ಬುತ್ತಲೋ ಮೊದಲನೆಯ ಕೋಶವನ್ನು ೦.೪೫ ವೋಲ್ಟಿನಲ್ಲಿಯೇ ನಿಲ್ಲಿಸುತ್ತದೆ. ಹಾಗೆ ನಿಲ್ಲಿಸಲು ಪಂಪಿಗೆ ಎಷ್ಟು ವಿದ್ಯುತ್ತು ಬೇಕಾಯಿತೆಂಬುದನ್ನು ಅಳೆದರೆ ಲ್ಯಾಂಬ್ಡಾದ ನಿಖರವಾದ ಅಂಕಿಯು ದೊರೆಯುತ್ತದೆ. ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಹಾಕುತ್ತ ಹೋಗಿ, ಹಾಕಿದ ಕಲ್ಲುಗಳನ್ನು ಎಣಿಸಿ ತೂಕ ಹೇಳಿದಂತೆ ಇದು. ಮಾಮಾ ಇಂಥದೊಂದು ಸೆನ್ಸರನ್ನೂ ಅದರ ನಿಯಂತ್ರಕ ಪೆಟ್ಟಿಗೆಯನ್ನೂ ಕೊಲ್ಹಾಪುರದ ಸ್ನೇಹಿತರಿಂದ ಒಂದು ವಾರದ ಮಟ್ಟಿಗೆ ಎರವಲು ತಂದರು.

ಅಂಕಿಯೊಂದು ಒಂಟಿಯಾಗಿ ದೊರೆತರೆ ಪ್ರಯೋಜನವು ಸ್ವಲ್ಪವೇ. ಅದೇ ಕ್ಷಣದಲ್ಲಿ ಇಂಜಿನ್ನು ಎಷ್ಟು ಸುತ್ತು ತಿರುಗುತ್ತಿತ್ತು, ಕಂಪ್ಯೂಟರು ಎಷ್ಟು ಪೆಟ್ರೋಲನ್ನು ಹೆಚ್ಚಿಸಿತ್ತು ಎಂಬುವೂ ಪಕ್ಕದಲ್ಲಿಯೇ ಬರೆದಿರಬೇಕು. ಈ ಸುದ್ದಿಗಳೆಲ್ಲ ಗಾಡಿಯ ಒಳಗೆ ಒಂದು ಜೊತೆ ತಂತಿಗಳ ಮೇಲೆ ಓಡಾಡುತ್ತಿರುತ್ತವೆ. ಬಾಷ್ ಕಂಪನಿಯೇ ೧೯೮೬ರಲ್ಲಿ ಲೋಕದ ಮುಂದಿಟ್ಟ ‘ಕ್ಯಾನ್’ ಎಂಬ ಈ ಏರ್ಪಾಡನ್ನು ಊರ ಕಟ್ಟೆಗೆ ಹೋಲಿಸಬಹುದು. ಇಂಜಿನ್ನು, ಬ್ರೇಕು, ಡ್ಯಾಶ್‌ಬೋರ್ಡು ಎಲ್ಲರೂ ಅದೇ ಕಟ್ಟೆಯ ಮೇಲೆ ಕುಳಿತಿದ್ದಾರೆ. ಒಬ್ಬರು ಆಡಿದುದನ್ನು ಎಲ್ಲರೂ ಕೇಳುತ್ತಾರೆ. ತಮಗೆ ಬೇಕಾದುದನ್ನು ಮಾತ್ರ ಕಿವಿಯಲ್ಲಿ ಇಟ್ಟುಕೊಳ್ಳುತ್ತಾರೆ. ಪ್ರತಿಯೊಂದು ಮಾತಿಗೂ ಒಂದು ಗುರುತಿನ ಸಂಖ್ಯೆಯಿದೆ. ಇಬ್ಬರು ಒಮ್ಮೆಲೇ ಬಾಯಿ ತೆರೆದರೆ ಚಿಕ್ಕ ಸಂಖ್ಯೆಯವನು ಮುಂದುವರಿಯುತ್ತಾನೆ. ದೊಡ್ಡ ಸಂಖ್ಯೆಯವನು ಸುಮ್ಮನಾಗಿ ಮುಂದಿನ ಸರದಿಗೆ ಕಾಯುತ್ತಾನೆ.

ತಂತಿಗಳು ಎರಡು, ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಮೌನವಿದ್ದಾಗ ಎರಡರಲ್ಲಿಯೂ ಸುಮಾರು ೨.೫ ವೋಲ್ಟ್. ಮಾತಾಡುವಾಗ ಹೈ ಎಂಬ ತಂತಿಯು ೩.೫ಕ್ಕೆ ಏರುತ್ತದೆ, ಲೋ ಎಂಬುದು ೧.೫ಕ್ಕೆ ಇಳಿಯುತ್ತದೆ. ಕೇಳುವವರು ಎರಡರ ಅಂತರವನ್ನು ಮಾತ್ರ ಗಮನಿಸುವುದರಿಂದ, ಹೊರಗಿನ ವಿದ್ಯುತ್ತಿನ ಗದ್ದಲವು ಎರಡನ್ನೂ ಸಮನಾಗಿ ಅಲುಗಿಸಿದರೂ ಮಾತು ಕೆಡುವುದಿಲ್ಲ. ತಂತಿಯ ಎರಡೂ ತುದಿಗಳಲ್ಲಿ ೧೨೦ ಓಮಿನ ಒಂದೊಂದು ಪ್ರತಿರೋಧವಿರುತ್ತದೆ. ಅವು ಇಲ್ಲದಿದ್ದರೆ ಬಾವಿಯಲ್ಲಿ ಕೂಗಿದಂತೆ ಮಾತು ಮಾರ್ದನಿಸುತ್ತದೆ. ಎರಡೂ ಸೇರಿ ಮೀಟರಿನಲ್ಲಿ ೬೦ ಓಮು ತೋರಿಸಬೇಕು. ಸ್ಟಿಯರಿಂಗಿನ ಕೆಳಗಿರುವ ಹದಿನಾರು ಪಿನ್ನುಗಳ ತಪಾಸಣೆಯ ಸಾಕೆಟ್ಟಿನಲ್ಲಿ ೬ನೆಯದು ಹೈ, ೧೪ನೆಯದು ಲೋ. ಹೊಸ ಗಾಡಿಗಳಲ್ಲಿ ಈ ಸಾಕೆಟ್ಟಿಗೂ ಒಳಗಿನ ತಂತಿಗೂ ನಡುವೆ ಕಾವಲಿನ ಪೆಟ್ಟಿಗೆಯೊಂದಿರುವುದುಂಟು. ನಮ್ಮದರಲ್ಲಿ ಇರಲಿಲ್ಲ.

ಕೆಲಸ ಆರಂಭವಾಯಿತು. ಬ್ಯಾಟರಿಯನ್ನು ಬಿಚ್ಚಿಟ್ಟು, ಹೊಗೆಯ ಕೊಳವೆಯಲ್ಲಿ ರಂಧ್ರ ಕೊರೆದು, ಸೆನ್ಸರು ಕೂಡಲು ನಟ್ಟೊಂದನ್ನು ವೆಲ್ಡ್ ಮಾಡಿದೆವು. ಗಾಡಿಯ ಮೂಲ ಸೆನ್ಸರಿಗಿಂತ ಹಿಂದೆ, ಇಂಜಿನ್ನಿಗೆ ಹತ್ತಿರವಾಗಿ ಅದನ್ನು ಕೂಡಿಸಿದೆವು. ನೀರು ನಿಲ್ಲದಂತೆ ಸೆನ್ಸರಿನ ತುದಿಯು ಓರೆಯಾಗಿ ಕೆಳಮುಖವಾಗಿರಬೇಕು. ಅದರೊಳಗಿನ ಹೀಟರು ಪಿಂಗಾಣಿಯನ್ನು ಸುಮಾರು ೭೮೦ ಡಿಗ್ರಿಗೆ ಕಾಯಿಸುವುದರಿಂದ ತಣ್ಣೀರಿನ ಹನಿ ತಾಗಿದರೂ ಬಿರುಕು ಬಿಡುವುದು. ಆದುದರಿಂದ ಇಂಜಿನ್ನು ಚಾಲೂ ಆದ ಮೇಲೆಯೇ ಹೀಟರಿಗೆ ವಿದ್ಯುತ್ತು ಹೋಗಬೇಕು. ಅಂತೆಯೇ ಹೀಟರನ್ನು ಬಂದಿಟ್ಟು ಇಂಜಿನ್ನನ್ನು ಓಡಿಸಬಾರದು, ಮಸಿ ಹಿಡಿಯುತ್ತದೆ. ನಿಯಂತ್ರಕಕ್ಕೆ ಫ್ಯೂಜು ಮತ್ತು ರಿಲೇಯ ಮೂಲಕ ಬೇರೆಯೇ ತಂತಿಯನ್ನು ಕೊಟ್ಟು, ಅರ್ಥಿಂಗನ್ನು ಇಂಜಿನ್ನಿನ ಮೈಗೆ ಭದ್ರವಾಗಿ ಬಿಗಿದೆವು. ಕೊನೆಗೆ ಅದರ ಹೈ ಮತ್ತು ಲೋ ತಂತಿಗಳನ್ನು ಗೇಣುದ್ದಕ್ಕೆ ಕತ್ತರಿಸಿ ಗಾಡಿಯ ಜೊತೆತಂತಿಗೆ ಕೂಡಿಸಿದೆ. ಈ ಕವಲು ಒಂದು ಅಡಿಯನ್ನು ಮೀರದಿದ್ದರೆ ಒಳಿತು.

ಕೂಡಿಸಿದವನು ನಾನು, ತಪ್ಪಿದವನೂ ನಾನೇ. ಕೀಲಿಯನ್ನು ತಿರುವಿದೊಡನೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ದೀಪಾವಳಿಯಂತೆ ಹತ್ತಿದವು, ಇಂಜಿನ್ನು ಮಾತ್ರ ಹತ್ತಲಿಲ್ಲ. ತಂದೆಯವರು ತಲೆಯ ಮೇಲೆ ಕೈಹೊತ್ತು ಕುಳಿತರು. ಮರುದಿನ ಮುಂಜಾನೆ ಅಥಣಿಗೆ ಬಾಡಿಗೆಯನ್ನು ಒಪ್ಪಿಕೊಂಡಿದ್ದರು. ನನ್ನ ಎದೆಯು ಬಡಿದುಕೊಳ್ಳುತ್ತಿತ್ತು. ಮಾಮಾ ಸಿಟ್ಟಾಗಲಿಲ್ಲ. “ತಮ್ಮಾ, ಕಟ್ಟೀಗಿ ಹೋದ ಹೊಸಬ ಮೊದಲ ಕೇಳಿಸ್ಕೋಬೇಕು, ಆಮ್ಯಾಗ ಮಾತಾಡಬೇಕು. ಮೀಟರ ಹಚ್ಚು” ಎಂದರು. ಬ್ಯಾಟರಿಯನ್ನು ಬಿಚ್ಚಿ ಅಳೆದಾಗ ೬೦ ಇರಬೇಕಾದಲ್ಲಿ ೪೦ ಓಮು ಬಂದಿತು. ನಿಯಂತ್ರಕದ ಒಳಗೂ ೧೨೦ ಓಮಿನ ಒಂದು ಪ್ರತಿರೋಧವಿತ್ತು. ಮೂರು ಕೂಡಿ ೪೦ ಆಗಿತ್ತು. ಅದರ ಕೊಂಡಿಯನ್ನು ಕಳಚಿದೆವು. ಮುಂದೆ ನೋಡಿದರೆ ಹೈ ಮತ್ತು ಲೋ ತಂತಿಗಳನ್ನೂ ಅದಲುಬದಲು ಮಾಡಿದ್ದೆ. ತಿರುಗಿ ಕೂಡಿಸಿದ ನಿಯಂತ್ರಕಕ್ಕೆ ಪರರ ಮಾತು ಕೇಳಿಸುವುದಿಲ್ಲ. ಕಟ್ಟೆಯು ಖಾಲಿಯಿದೆಯೆಂದು ಭಾವಿಸಿ ಅದು ನಡುವೆ ಕೂಗಿ, ಎಲ್ಲರ ಮಾತನ್ನೂ ಕೆಡಿಸುತ್ತದೆ. ತಂತಿಗಳನ್ನು ಸರಿಪಡಿಸಿದ ಕೂಡಲೆ ಇಂಜಿನ್ನು ಹತ್ತಿತು.

ಇನ್ನೂ ಎರಡು ಶಿಸ್ತುಗಳು ಉಳಿದಿದ್ದವು. ಹೊಸಬನ ವೇಗವು ಹಳಬರ ವೇಗಕ್ಕೆ ಹೊಂದಬೇಕು. ನಮ್ಮ ಗಾಡಿಯಲ್ಲಿ ಅದು ಸೆಕೆಂಡಿಗೆ ೫ ಲಕ್ಷ ಬಿಟ್ಟುಗಳು. ಅವನ ಗುರುತಿನ ಸಂಖ್ಯೆಯು ಬೇರೆ ಯಾರದೂ ಆಗಿರಬಾರದು. ಒಂದು ತಾಸು ತಂತಿಯನ್ನು ಬರಿದೆ ಆಲಿಸಿ, ಬಳಕೆಯಲ್ಲಿದ್ದ ಸಂಖ್ಯೆಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಬಿಡುವಾಗಿದ್ದ ಒಂದು ದೊಡ್ಡ ಸಂಖ್ಯೆಯನ್ನು ಆರಿಸಿದೆವು. ಗಾಡಿಯ ಕಂಪ್ಯೂಟರು ಈ ಹೊಸ ಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲವನ್ನೂ ಒಂದೇ ಗಡಿಯಾರದಲ್ಲಿ ಬರೆದಿಡುವ ನಮ್ಮ ಲ್ಯಾಪ್‌ಟಾಪಿಗೆ ಮಾತ್ರ ಅದು ಬೇಕಾದದ್ದು.

ಅಂಕಿಯನ್ನು ಓದುವುದಕ್ಕೂ ಜಾಣತನ ಬೇಕು. ಲ್ಯಾಂಬ್ಡಾ ೦.೮೭ ಎಂಬುದನ್ನು ನಿಯಂತ್ರಕವು ಸಾವಿರದಿಂದ ಗುಣಿಸಿ ೮೭೦ ಎಂದು ಮಾಡಿ, ಎರಡು ತುಂಡುಗಳಲ್ಲಿ ಕಳುಹಿಸುತ್ತದೆ: ೩ ಮತ್ತು ೧೦೨. ಮೊದಲನೆಯದನ್ನು ೨೫೬ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿದರೆ ೮೭೦ ಬರುತ್ತದೆ. ತುಂಡುಗಳ ಕ್ರಮವನ್ನು ತಿರುವಿ ಓದಿದರೆ ೨೬,೧೧೫. ಎಂದರೆ ಲ್ಯಾಂಬ್ಡಾ ೨೬ ಎಂಬ ಹುಚ್ಚು ಅಂಕಿ!

ಇನ್ನು ಹೊಗೆಯು ನುಡಿದ ಸಾಕ್ಷಿಯನ್ನು ಕೇಳಿರಿ. ಹಳದಿ ದೀಪದ ಸಂಕೇತವು ‘ಪಿ ೦೧೭೧’, ಅಂದರೆ ಮಿಶ್ರಣವು ತೆಳುವಾಗಿದೆಯೆಂಬ ದೂರು. ಗಾಡಿಯು ನಿಂತಲ್ಲಿ ಉರಿಯುತ್ತಿರುವಾಗ ಕಂಪ್ಯೂಟರು ಪೆಟ್ರೋಲನ್ನು ಶೇಕಡಾ ೨೩ರಷ್ಟು ಹೆಚ್ಚಿಸಿತ್ತು. ಆದರೆ ನಮ್ಮ ಸೆನ್ಸರು ೦.೮೭ ಎಂದು, ಅಂದರೆ ಮಿಶ್ರಣವು ಗಟ್ಟಿಯಾಗಿದೆಯೆಂದು ಹೇಳುತ್ತಿತ್ತು. ಅದೇ ಕ್ಷಣದಲ್ಲಿ ಗಾಡಿಯ ಮೂಲ ಸೆನ್ಸರು ಎಲ್ಲವೂ ಸಮವೆನ್ನುತ್ತಿತ್ತು. ಒಂದೇ ಕೊಳವೆಯ ಇಬ್ಬರು ಸಾಕ್ಷಿಗಳಲ್ಲಿ ಈ ಭೇದವೇಕೆ? ನಿಮಿಷಕ್ಕೆ ೩,೦೦೦ ಸುತ್ತಿಗೆ ಏರಿಸಿದಾಗ ಭೇದವು ಮಾಯವಾಯಿತು. ಇಬ್ಬರೂ ಒಂದರ ಹತ್ತಿರಕ್ಕೆ ಬಂದರು, ಹೆಚ್ಚುವರಿಯು ಶೇಕಡಾ ೭ಕ್ಕೆ ಇಳಿಯಿತು.

ಇಥೆನಾಲು ಕಾರಣವಾಗಿದ್ದರೆ ಹೆಚ್ಚುವರಿಯು ಎಲ್ಲ ವೇಗಗಳಲ್ಲಿಯೂ ಸುಮಾರಾಗಿ ಒಂದೇ ಆಗಿರಬೇಕಿತ್ತು. ಲೆಕ್ಕದಂತೆ ಅದು ಶೇಕಡಾ ೭ ಅಥವಾ ೮. ನಿಂತಾಗ ಮಾತ್ರ ಬೆಳೆಯುವ ದೋಷವು ಹೊರಗಿನಿಂದ ನುಸುಳುವ ಗಾಳಿಯ ಲಕ್ಷಣ. ಹೊಗೆ ಕಡಿಮೆಯಿದ್ದಾಗ ಸಣ್ಣ ಬಿರುಕಿನ ಗಾಳಿಯೂ ದೊಡ್ಡದಾಗಿ ಕಾಣುತ್ತದೆ. ಹೊಗೆ ರಭಸದಿಂದ ಹರಿಯುವಾಗ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಗಾಳಿಯು ನಮ್ಮ ಸೆನ್ಸರಿಗೂ ಮೂಲ ಸೆನ್ಸರಿಗೂ ನಡುವೆಯೇ ನುಸುಳುತ್ತಿರಬೇಕು. ಮಾಮಾ ಗಾಡಿಯ ಕೆಳಗೆ ಹೊಕ್ಕು ಕೊಳವೆಯ ಜೋಡಣೆಗೆ ಬ್ಯಾಟರಿ ಹಿಡಿದರು. ಪ್ಯಾಕಿಂಗಿನ ಒಂದು ಬದಿಗೆ ಕೂದಲೆಳೆಯಷ್ಟು ಮಸಿಯ ಗೆರೆ! ಹೊರಗಿನ ಗಾಳಿಯನ್ನು ಮೂಸಿದ ಮೂಲ ಸೆನ್ಸರು ಸುಳ್ಳನ್ನೇನೂ ಹೇಳಿರಲಿಲ್ಲ, ಕಂಡದ್ದನ್ನೇ ಹೇಳಿತ್ತು. ಅದನ್ನು ನಂಬಿದ ಕಂಪ್ಯೂಟರು ಬೇಡದ ಪೆಟ್ರೋಲನ್ನು ಸುರಿಯುತ್ತಿತ್ತು. ಅದೇ ಸ್ಥಳದಲ್ಲಿ ಹೊಸ ಸೆನ್ಸರು ಹಾಕಿದರೂ ಅದೂ ಅದೇ ಗಾಳಿಯನ್ನೇ ಮೂಸುತ್ತಿತ್ತು. ೧೪ ಸಾವಿರ ರೂಪಾಯಿ ಹೋದ ದಾರಿ ಇದು.

ಪ್ಯಾಕಿಂಗಿಗೆ ೩೫೦ ರೂಪಾಯಿ ಬಿದ್ದಿತು. ಅನಂತರ ಎಲ್ಲ ವೇಗಗಳಲ್ಲಿಯೂ ಲ್ಯಾಂಬ್ಡಾ ಒಂದಕ್ಕೆ ಬಂದಿತು, ಹೆಚ್ಚುವರಿಯು ೭ರಲ್ಲಿ ನಿಂತಿತು, ದೀಪವು ಆರಿತು. ಎರವಲು ತಂದ ಸೆನ್ಸರನ್ನು ತೆಗೆದು ನಟ್ಟಿಗೆ ಬಿರಡೆ ಹಾಕಿ, ಜೊತೆತಂತಿಯನ್ನು ಮೊದಲಿನಂತೆ ಮಾಡಿದೆವು. ಪರೀಕ್ಷೆಗೆಂದು ಕೂಡಿಸಿದುದನ್ನು ಪರೀಕ್ಷೆ ಮುಗಿದೊಡನೆ ತೆಗೆಯುವುದೇ ಲೇಸು; ತಯಾರಕರು ನಿರ್ಮಿಸಿದ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯೂ ಒಪ್ಪುವುದಿಲ್ಲ.

ಉಳಿದ ೭ರ ಅರ್ಥವನ್ನು ತಂದೆಯವರಿಗೆ ಬಿಡಿಸಿ ಹೇಳಿದೆ. ಇಥೆನಾಲಿನ ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಶಕ್ತಿಯಿದೆ. ಆದುದರಿಂದ ಮಿಶ್ರಣದಲ್ಲಿ ಅದು ಐದನೆಯ ಒಂದು ಪಾಲಿದ್ದರೆ, ಮೊದಲಿನಷ್ಟೇ ಕೆಲಸಕ್ಕೆ ನೂರರಲ್ಲಿ ಏಳರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಅವರು ಬಹಳ ಹೊತ್ತು ಯೋಚಿಸಿ, “ಅಂದರ ಕಬ್ಬಿಂದೂ ಏಳಾಣೆ ತಪ್ಪೈತಿ, ಆದರ ಗಾಡಿ ಕೆಡಿಸಿದ್ದು ಅದಲ್ಲ” ಎಂದರು. ಏಳಾಣೆಯಲ್ಲ, ನೂರು ಪೈಸೆಯಲ್ಲಿ ಏಳು ಪೈಸೆ ಎಂದು ತಿದ್ದಿದೆ. ಅಕ್ಷರವಾಗಿ ತಮ್ಮ ಹೆಸರನ್ನಷ್ಟೇ ಬರೆಯಬಲ್ಲ ಅವರು ಈಗ ಪಂಪಿನಲ್ಲಿ ಪೆಟ್ರೋಲು ಹಾಕಿಸಿದಾಗಲೆಲ್ಲ ಕಿಲೋಮೀಟರಿನ ಅಂಕಿಯನ್ನು ಬಿಲ್ಲಿನ ಹಿಂದೆ ಬರೆಸಿಕೊಂಡು ಬರುತ್ತಾರೆ. ಭಾನುವಾರ ನಾನು ಊರಿಗೆ ಹೋದೊಡನೆ ಆ ಚೀಟಿಗಳನ್ನು ನನ್ನ ಮುಂದಿಟ್ಟು, “ಏನ ಹೇಳತಾವು ನೋಡು” ಎನ್ನುತ್ತಾರೆ.