ಪೇಟಿಗೆ ಕಂಠ ಕೊಟ್ಟ ಕಾಗವಾಡದ ರಾಮಭಾವು

ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ಕಡೆ ಹಾರ್ಮೋನಿಯಂಗೆ ‘ಪೇಟಿ’ ಎಂದೇ ಹೆಸರು. ಗುಡಿಯ ಭಜನೆಯಿರಲಿ, ಶ್ರೀಕೃಷ್ಣ ಪಾರಿಜಾತದ ಆಟವಿರಲಿ, ಪೇಟಿಯ ಸ್ವರ ಕೇಳಿದ ಮೇಲೆಯೇ ಹಾಡಿಗೆ ಕಳೆ. ಇಷ್ಟು ನಮ್ಮದಾಗಿ ಹೋದ ಈ ವಾದ್ಯವನ್ನು ಶಾಸ್ತ್ರೀಯ ಸಂಗೀತಕ್ಕೆ ಸಲ್ಲದೆಂದು ಆಕಾಶವಾಣಿ ಮೂರು ದಶಕ ಹೊರಗಿಟ್ಟಿತ್ತು. ಅದೇ ದಶಕಗಳಲ್ಲಿ ಪೇಟಿಯನ್ನೇ ಬದುಕಾಗಿಸಿಕೊಂಡು ದೊಡ್ಡ ಗಾಯಕರ ಪಕ್ಕದಲ್ಲಿ ಕುಳಿತವರು ಪಂಡಿತ ರಾಮಭಾವು ಬಿಜಾಪುರೆ.

ಅವರು ಹುಟ್ಟಿದ್ದು 1917ರಲ್ಲಿ, ಕಾಗವಾಡದಲ್ಲಿ. ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಈ ಊರು ಆಗ ಅಥಣಿ ತಾಲ್ಲೂಕಿಗೆ ಸೇರಿತ್ತು. ಇಲ್ಲಿಂದ ಮಿರಜ ಕೆಲವೇ ಮೈಲಿ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು. ತಂಬೂರಿ ತಯಾರಿಕೆಗೂ ಹೆಸರಾದದ್ದು. ಕನ್ನಡ, ಮರಾಠಿ ಎರಡೂ ನಾಟಕ ಕಂಪನಿಗಳು ಓಡಾಡುತ್ತಿದ್ದ ಈ ಸೀಮೆಯಲ್ಲಿ ಹಾಡಿಗೆ ಗಡಿಯೇ ಇರಲಿಲ್ಲ. ರಾಮಭಾವು ಅವರ ತಂದೆ ಕಲ್ಲೋಪಂತರು ಪ್ರಾಥಮಿಕ ಶಾಲೆಯ ಮಾಸ್ತರರು. ನಾಟಕ, ಸಂಗೀತಗಳ ಒಲವುಳ್ಳವರು. ಮಗನಿಗೆ ಮೊದಲ ಪಾಠ ಹೇಳಿಕೊಟ್ಟವರಲ್ಲಿ ಅಣ್ಣಿಗೇರಿ ಮಲ್ಲಯ್ಯನವರೊಬ್ಬರು.

ಆಕಾಶವಾಣಿಯ ಆಕ್ಷೇಪವೇನು ಎಂಬುದನ್ನು ತಿಳಿಯಲು ವಾದ್ಯದ ಒಡಲು ನೋಡಬೇಕು. ಹಾರ್ಮೋನಿಯಂ ಪ್ಯಾರಿಸ್‌ನಲ್ಲಿ ರೂಪುಗೊಂಡದ್ದು 1840ರ ದಶಕದಲ್ಲಿ. ಕಾಲಿನಿಂದ ತಿದಿಯೊತ್ತಿ, ಕುರ್ಚಿಯ ಮೇಲೆ ಕುಳಿತು ನುಡಿಸುವ ವಾದ್ಯ ಅದು. ಕಲಕತ್ತೆಯ ದ್ವಾರಕಾನಾಥ ಘೋಷರು 1875ರಲ್ಲಿ ಅದನ್ನು ನೆಲದ ಮೇಲೆ ಕುಳಿತು ನುಡಿಸಲು ಬರುವಂತೆ ಮಾರ್ಪಡಿಸಿದರು. ಎಡಗೈ ತಿದಿಯೊತ್ತುತ್ತದೆ, ಬಲಗೈ ಮನೆಗಳ ಮೇಲೆ ಓಡುತ್ತದೆ. ಗಾಳಿ ನುಗ್ಗಿದಾಗ ಒಳಗಿನ ಹಿತ್ತಾಳೆಯ ಪಟ್ಟಿ ಕಂಪಿಸಿ ಸ್ವರ ಹೊರಡುತ್ತದೆ.

ಪಿಯಾನೊದಲ್ಲಿರುವಂತೆ ಇಲ್ಲಿಯೂ ಒಂದು ಸಪ್ತಕಕ್ಕೆ 12 ಮನೆಗಳು. ಪ್ರತಿ ಸ್ವರವೂ ಬಿಗಿದು ಕೂತಿರುತ್ತದೆ. ನಮ್ಮ ಸಂಗೀತಕ್ಕಾದರೋ 22 ಶ್ರುತಿಗಳ ಲೆಕ್ಕ. ದರಬಾರಿ ಕಾನಡಾದ ಕೋಮಲ ಗಾಂಧಾರ ಒಂದೆಡೆ ನಿಲ್ಲದೆ ತೂಗಾಡುತ್ತದೆ. ಗಾಯಕ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಪೇಟಿಯ ಮನೆಗಳ ನಡುವಿನ ಸಂದಿಯಲ್ಲಿ ಕಳೆದುಹೋಗುತ್ತದೆ. ರವೀಂದ್ರನಾಥ ಟ್ಯಾಗೋರರಿಗೂ ಈ ವಾದ್ಯ ಹಿಡಿಸಿರಲಿಲ್ಲ. ಆಕಾಶವಾಣಿಯ ನಿಷೇಧ ಜಾರಿಗೆ ಬಂದದ್ದು 1940ರ ಮಾರ್ಚ್‌ನಲ್ಲಿ. ಭಾಗಶಃ ಸಡಿಲವಾದದ್ದು 1971ರಲ್ಲಿ. ಆಕ್ಷೇಪದಲ್ಲಿ ಹುರುಳಿತ್ತು ಎಂಬುದನ್ನು ಒಪ್ಪಲೇಬೇಕು.

ಆದರೆ ವಾದ್ಯದ ಮಿತಿಯೇ ವಾದಕನ ಮಿತಿಯಾಗಬೇಕಿಲ್ಲ. ರಾಮಭಾವು ಬೆರಳ ಸಾಧನೆಯಲ್ಲೇ ನಿಲ್ಲಲಿಲ್ಲ. ಬೆಳಗಾವಿಯಲ್ಲಿ ರಾಮಕೃಷ್ಣಬುವಾ ವಝೆಯವರಂಥ ಘಟಾನುಘಟಿಗಳಿಂದ ಗಾಯನವನ್ನೂ ಕಲಿತರು. ಗುಟ್ಟು ಇರುವುದು ಇಲ್ಲಿ. ಸಾಥಿಗೆ ಕುಳಿತವನ ಮುಂದೆ ಬರೆದಿಟ್ಟ ಸ್ವರಲಿಪಿ ಇರುವುದಿಲ್ಲ. ಗಾಯಕ ಮುಂದೆ ಯಾವ ಸ್ವರಕ್ಕೆ ಹೋಗುತ್ತಾನೆ ಎಂಬುದು ಗಾಯಕನಿಗೂ ಪೂರ್ತಿ ತಿಳಿದಿರುವುದಿಲ್ಲ. ಅದನ್ನು ಊಹಿಸಿ, ನೆರಳಿನಂತೆ ಹಿಂದೆಯೇ ಹೋಗಬೇಕಾದರೆ ತಾನೂ ಒಳಗೊಳಗೇ ಹಾಡುತ್ತಿರಬೇಕು. ಜಾರುವ ಕಡೆ ಒಂದು ಮನೆ ಬಿಡುವ ಮುನ್ನವೇ ಇನ್ನೊಂದನ್ನು ಹಗುರಾಗಿ ಮುಟ್ಟಿ, ತಿದಿಯ ಗಾಳಿಯನ್ನು ಏರಿಸಿ ಇಳಿಸಿ, ಕಿವಿಗೆ ಮೀಂಡಿನ ಭಾಸ ಹುಟ್ಟಿಸಬಹುದು. ತೂಗಾಡುವ ಗಾಂಧಾರದ ಬಳಿ ಪೇಟಿಯನ್ನು ತಗ್ಗಿಸಿ ಕಂಠಕ್ಕೆ ದಾರಿ ಬಿಡುವುದೂ ಒಂದು ವಿದ್ಯೆಯೇ. ಎಲ್ಲಿ ನುಡಿಸಬಾರದೆಂಬ ತಿಳಿವಳಿಕೆ ಎಲ್ಲಿ ನುಡಿಸಬೇಕೆಂಬುದಕ್ಕಿಂತ ಕಡಿಮೆಯದಲ್ಲ.

1938ರಲ್ಲಿ ಅವರು ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ಮಹಾವಿದ್ಯಾಲಯ ತೆರೆದರು. ಶಾಲೆಗೆ ಎರಡು ವರ್ಷ ತುಂಬುವ ಹೊತ್ತಿಗೆ ರೇಡಿಯೊದ ಬಾಗಿಲು ಪೇಟಿಗೆ ಮುಚ್ಚಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಆ ನಿಯಮವೇ ಇತ್ತು. ರೇಡಿಯೊದ ಗಾಯನಕ್ಕೆ ಸಾರಂಗಿ ಸಾಥಿಯಾಯಿತು. ಊರೂರ ಬೈಠಕ್ಕುಗಳಲ್ಲಿ, ಜಾತ್ರೆ ಉತ್ಸವಗಳ ಕಛೇರಿಗಳಲ್ಲಿ ಪೇಟಿಯ ಜಾಗ ಕದಲಲಿಲ್ಲ. ಅದನ್ನು ಉಳಿಸಿದ್ದು ವಾದ–ಪ್ರತಿವಾದಗಳಿಗಿಂತ ಹೆಚ್ಚಾಗಿ ಇಂಥ ಶಾಲೆಗಳು, ಕರೆದಲ್ಲಿಗೆ ಪೇಟಿ ಹೊತ್ತು ಹೋದ ಇಂಥ ಕಲಾವಿದರು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ: ಒಬ್ಬರ ಗಾಯಕಿ ಇನ್ನೊಬ್ಬರಿಗಿಲ್ಲ. ಇವರೆಲ್ಲರಿಗೂ ರಾಮಭಾವು ಸಾಥ್ ನೀಡಿದರು. ಇಷ್ಟು ಬಗೆಯ ಕಂಠಗಳಿಗೆ ಹೊಂದುವವನು ತನ್ನದೆಂಬ ಹಟವನ್ನು ಎಷ್ಟೋ ಸಲ ಬದಿಗಿಟ್ಟಿರಬೇಕು.

ಪಿಯಾನೊ ವಾದಕ ವೇದಿಕೆಯ ನಡುವೆ ಒಬ್ಬನೇ ಕುಳಿತಾಗ ಸಭೆಯೆಲ್ಲ ಅವನದೇ. ಪೇಟಿಯವನದು ಬದಿಯ ಆಸನ. ಚಪ್ಪಾಳೆಯಲ್ಲಿಯೂ ಬದಿಯ ಪಾಲೇ. ರಾಮಭಾವು ಸ್ವತಂತ್ರ ವಾದನದಲ್ಲೂ ಸಮರ್ಥರಾಗಿದ್ದರು. ಆದರೂ ಜನ ಅವರನ್ನು ನೆನೆಯುವುದು ದೊಡ್ಡ ಹೆಸರುಗಳ ಜೊತೆಯಲ್ಲಿಯೇ. 2010ರಲ್ಲಿ, 93ನೇ ವಯಸ್ಸಿನಲ್ಲಿ, ಅವರು ಬೆಳಗಾವಿಯಲ್ಲಿ ತೀರಿಕೊಂಡರು.

ಗಾಯಕರ ಹಳೆಯ ಧ್ವನಿಮುದ್ರಿಕೆ ಹಾಕಿದಾಗ ನಮ್ಮ ಕಿವಿ ಸಹಜವಾಗಿಯೇ ಕಂಠದ ಹಿಂದೆ ಹೋಗುತ್ತದೆ. ಒಮ್ಮೆ ಗಾಯಕರು ಉಸಿರು ತೆಗೆದುಕೊಳ್ಳುವ ಗಳಿಗೆಯನ್ನು ಗಮನಿಸಿ ಕೇಳಬೇಕು. ರಾಗ ಆಗಲೂ ತುಂಡಾಗಿರುವುದಿಲ್ಲ. ಆ ಒಂದೆರಡು ಕ್ಷಣ ಅದನ್ನು ಹಿಡಿದು ನಿಲ್ಲಿಸಿದ್ದು ಬದಿಯಲ್ಲಿ ಕುಳಿತವರ ಬೆರಳು.