ಓಟದ ಪಥಕ್ಕೆ ಮೊದಲ ಕಾರು

ಪ್ರಶ್ನೆ: ರೇಸ್ ಟ್ರ್ಯಾಕಿನಲ್ಲಿ ಹವ್ಯಾಸಕ್ಕಾಗಿ ಓಡಿಸಲು, ಕಡಿಮೆ ಬೆಲೆಗೆ ಯಾವ ಕಾರನ್ನು ಕೊಳ್ಳಬೇಕು? (ಮಿರಜಿನ ಓದುಗರೊಬ್ಬರು)

ಉತ್ತರ: ಶರ್ಯತ್ತಿನ ಎತ್ತುಗಳ ಮಾತೆತ್ತಿದರೆ ಕಣ್ಣರಳಿಸುವ ಸಾಂಗಲಿ-ಮಿರಜ ಸೀಮೆಯವರಾದ ತಮಗೆ, ಓಟವನ್ನು ಗೆಲ್ಲಿಸುವುದು ಬರಿಯ ಬಲವಲ್ಲ, ಎಳೆಯುವ ಬಲಕ್ಕೂ ಹೊರುವ ಭಾರಕ್ಕೂ ಇರುವ ಅನುಪಾತವೆಂಬುದನ್ನು ನಾನು ವಿವರಿಸಬೇಕಾದುದಿಲ್ಲ. ಆದುದರಿಂದ ದೊಡ್ಡ ಎಂಜಿನ್ನಿಗೆ ಮರುಳಾಗದೆ, ನಮ್ಮ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಹುಕಾಲ ಓಡಿದ ಮಾರುತಿ ಎಸ್ಟೀಮನ್ನೋ, ಹಳೆಯ ಪೆಟ್ರೋಲ್ ಸ್ವಿಫ್ಟನ್ನೋ ಆರಿಸಿರಿ. ಭಾರ ಒಂದು ಟನ್ನಿನ ಆಸುಪಾಸು, ಬಿಡಿಭಾಗಗಳು ಯಾವ ಪೇಟೆಯಲ್ಲಿಯೂ ಲಭ್ಯ. ತುಕ್ಕು ಹಿಡಿದ ತಳವುಳ್ಳ ಕಾರನ್ನು ಪುಕ್ಕಟೆ ಕೊಟ್ಟರೂ ಒಲ್ಲೆನೆನ್ನಿ.

ಇದ್ದ ಹಣವನ್ನೆಲ್ಲ ಕಾರಿಗೇ ಸುರಿಯದೆ, ಮೂರರಲ್ಲೊಂದು ಪಾಲನ್ನಾದರೂ ಬ್ರೇಕು ಟೈರುಗಳಿಗೆ ಮೀಸಲಿಡತಕ್ಕದ್ದು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು: ಹೊಸ ಡಾಟ್ 4 ಎಣ್ಣೆ 230 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕುದಿಯದೆ ತಾಳಿಕೊಂಡರೆ, ತೇವವುಂಡದ್ದು 155ರ ಸುಮಾರಿಗೇ ಕುದಿದು, ಆವಿಯ ಗುಳ್ಳೆಗಳೆದ್ದು, ಪೆಡಲು ಕಾಲಡಿಯಲ್ಲಿ ಹತ್ತಿಯ ದಿಂಬಿನಂತೆ ಕುಸಿಯುವುದು. ಟೈರಿನ ಪಕ್ಕೆಯ ಮೇಲಣ ನಾಲ್ಕಂಕಿಗಳನ್ನೂ ಓದಿರಿ. 2319 ಎಂದಿದ್ದರೆ ಅದು 2019ರ 23ನೆಯ ವಾರ ಹುಟ್ಟಿದ್ದು.

ಕೊಯಮತ್ತೂರಿನ ‘ಕರಿ’ ಎಂಬ ಓಟದ ಪಥ 2.1 ಕಿಲೋಮೀಟರು, ಚೆನ್ನೈಯದು 3.7, ಎರಡೂ ತಮಗೆ ದೂರವೇ. ಕಾರು ಕೊಳ್ಳುವ ಮುನ್ನ, ಬೆಳ್ಳಿಯ ಒಡವೆಗಳಿಗೆ ಹೆಸರಾದ ನೆರೆಯ ಹುಪರಿಯ ಗೋ-ಕಾರ್ಟ್ ಪಥದಲ್ಲಿ ನಾಲ್ಕಾರು ರವಿವಾರಗಳನ್ನು ಕಳೆದು ಬನ್ನಿರಿ.